ಗೋಡೆಯ ಬಂದೂಕು, ಮಗುವಿನ ಕೈ

2025ರ ಫೆಬ್ರುವರಿ 16ರಂದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಗುಂಡೇಟಿಗೆ ಬಲಿಯಾದನು. ಅವನ ತಾಯಿಯ ಕಾಲಿಗೂ ಗಾಯವಾಯಿತು. ಗುಂಡು ಹಾರಿದ್ದು ಹದಿವಯಸ್ಸಿನ ಹುಡುಗನೊಬ್ಬನ ಕೈಯಿಂದ. ಅವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಫಾರಂನಲ್ಲಿ ಇಟ್ಟಿದ್ದ ಬಂದೂಕನ್ನು ಆಟದ ವಸ್ತುವಿನಂತೆ ಎತ್ತಿಕೊಂಡನು. ಅದರಲ್ಲಿ ಗುಂಡು ಇತ್ತು. ಸತ್ತ ಮಗುವಿನ ಕುಟುಂಬವು ಕೂಲಿಯನ್ನರಸಿ ಪಶ್ಚಿಮ ಬಂಗಾಳದಿಂದ ಬಂದದ್ದು. ಭಾಷೆ ಬಾರದ ಊರಿನಲ್ಲಿ, ಬೇರೆಯವರ ಜಮೀನಿನಲ್ಲಿ, ಬೇರೆಯವರ ಬಂದೂಕಿನಿಂದ ಆ ಮನೆಯ ದೀಪ ಆರಿತು.

ಮಕ್ಕಳ ಕೈಗೆ ಬಂದೂಕು ಸಿಕ್ಕಿದ ಘಟನೆ ಇದೊಂದೇ ಅಲ್ಲ. 2024ರ ಜುಲೈ 31ರಂದು ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ಐದು ವರ್ಷದ ಬಾಲಕನು ಶಾಲಾ ಚೀಲದಲ್ಲಿ ಪಿಸ್ತೂಲು ತಂದು ಮೂರನೆಯ ತರಗತಿಯ ಬಾಲಕನತ್ತ ಹಾರಿಸಿದನು. ಕೈಗೆ ಗಾಯವಾದರೂ ಆ ಬಾಲಕ ಬದುಕಿದನು. 2007ರ ಡಿಸೆಂಬರ್ 11ರಂದು ಗುರುಗ್ರಾಮದ ಖಾಸಗಿ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಯು ಸಹಪಾಠಿಗಳ ಗುಂಡಿಗೆ ಬಲಿಯಾದಾಗ ಬಳಕೆಯಾದದ್ದು ತಂದೆಯೊಬ್ಬರ ಪರವಾನಗಿ ಪಡೆದ ಪಿಸ್ತೂಲು. ಒಂದು ಕಡೆ ಆಟ, ಒಂದು ಕಡೆ ಅರಿಯದ ವಯಸ್ಸು, ಮತ್ತೊಂದು ಕಡೆ ಜಗಳ. ಕಾರಣಗಳು ಬೇರೆ ಬೇರೆ. ಆದರೆ ಎಲ್ಲ ಕಡೆಯೂ ಮಗುವಿನ ಕೈಗಿಂತ ಮೊದಲು ಹಿರಿಯರ ಅಲಕ್ಷ್ಯವು ಕೆಲಸ ಮಾಡಿತ್ತು.

ನಾಗಮಂಗಲದ ಆ ಮಗುವಿನ ಕಥೆ ಮ್ಹಾಪಸಾದ ಕನ್ನಡಿಗರಿಗೆ ದೂರದ್ದಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬಂದ ಎಷ್ಟೋ ಕುಟುಂಬಗಳು ಬಾರ್ದೇಶದ ಹಳ್ಳಿಗಳಲ್ಲಿ ಕಟ್ಟಡದ ಕೆಲಸಕ್ಕೆ, ತೋಟದ ಕೆಲಸಕ್ಕೆ, ಮನೆ ಕಾಯುವ ಕೆಲಸಕ್ಕೆ ನಿಂತಿವೆ. ಮಕ್ಕಳು ಹಗಲಿನಲ್ಲಿ ಶಾಲೆಗೆ ಹೋಗುತ್ತಾರೆ. ಸಂಜೆ ಮರಳುವುದು ಮಾಲೀಕನ ತೋಟದ ಬಿಡಾರಕ್ಕೆ. ಗೇರು, ತೆಂಗು, ಭತ್ತದ ಬೆಳೆಗಳನ್ನು ಕಾಡುಹಂದಿಯಿಂದ ಕಾಯಲು ಬಂದೂಕು ಇರಿಸಿಕೊಳ್ಳುವ ಕೃಷಿಕರು ಗೋವೆಯಲ್ಲಿಯೂ ಇದ್ದಾರೆ. ಬೆಳೆ ರಕ್ಷಣೆಗಾಗಿ ಪರವಾನಗಿ ಕೊಡಲು 1959ರ ಆಯುಧ ಕಾಯ್ದೆಯೇ ಅವಕಾಶ ಮಾಡಿದೆ. ಬಂದೂಕು ಇರುವುದೇ ತಪ್ಪೆಂದು ಯಾರೂ ಹೇಳಲಾರರು. ಅದು ಎಲ್ಲಿದೆ, ಅದರಲ್ಲಿ ಗುಂಡು ಇದೆಯೇ, ಬೀಗದ ಕೈ ಯಾರ ಬಳಿ ಇದೆ ಎಂಬುದೇ ಕೇಳಬೇಕಾದ ಮಾತು.

ಕಾನೂನು ಈ ಮಾತನ್ನು ಕೇಳುತ್ತದೆಯೇ? ಅರೆಬರೆಯಾಗಿ ಕೇಳುತ್ತದೆ. ಇಪ್ಪತ್ತೊಂದು ವರ್ಷ ತುಂಬದವರು ಬಂದೂಕು ಹೊಂದುವುದನ್ನು ಆಯುಧ ಕಾಯ್ದೆಯ 9ನೆಯ ಕಲಮು ನಿಷೇಧಿಸುತ್ತದೆ. ಗುರಿ ಹೊಡೆಯುವ ಕ್ರೀಡೆಯ ತರಬೇತಿಗೆ ಮಾತ್ರ ವಿನಾಯಿತಿ ಇದೆ. 2016ರ ಆಯುಧ ನಿಯಮಗಳು ಬಂದೂಕನ್ನು ಸುರಕ್ಷಿತವಾಗಿ ಇಡುವ ಹೊಣೆಯನ್ನು ಪರವಾನಗಿದಾರನ ಮೇಲೆ ಹೊರಿಸಿವೆ. ಆದರೆ ಪರವಾನಗಿಯ ಷರತ್ತನ್ನು ಮುರಿದರೆ 30ನೆಯ ಕಲಮಿನಂತೆ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳ ಸೆರೆವಾಸ, ಇಲ್ಲವೆ ಎರಡು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ. ಸಾವು ಸಂಭವಿಸಿದ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ, ನಿರ್ಲಕ್ಷ್ಯದಿಂದಾದ ಮರಣಕ್ಕೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಎಂದರೆ ಕಾನೂನು ಎಚ್ಚರಗೊಳ್ಳುವುದು ಹೆಚ್ಚಾಗಿ ಚಟ್ಟ ಕಟ್ಟಿದ ಮೇಲೆ.

ಇಲ್ಲಿ ದುಡಿಯುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಮಾಲೀಕನು ಊರಿಗೆ ಹೋಗುವಾಗ ‘ಇದನ್ನು ನೋಡಿಕೋ’ ಎಂದು ಬಂದೂಕನ್ನು ಕಾವಲುಗಾರನ ವಶಕ್ಕೆ ಬಿಟ್ಟುಹೋದರೆ, ಪರವಾನಗಿಯಲ್ಲಿ ಆ ಕಾವಲುಗಾರನ ಹೆಸರು ನಮೂದಾಗಿರದಿದ್ದರೆ, ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡ ಆರೋಪ ಅವನ ಮೇಲೆ ಬರಬಹುದು. 2019ರ ತಿದ್ದುಪಡಿಯ ನಂತರ ಆ ಅಪರಾಧಕ್ಕೆ ಎರಡರಿಂದ ಐದು ವರ್ಷಗಳ ಸೆರೆವಾಸವಿದೆ. ಷರತ್ತು ಮುರಿದ ಮಾಲೀಕನಿಗೆ ಆರು ತಿಂಗಳು, ಮಾತು ಮೀರಲಾರದೆ ಇಟ್ಟುಕೊಂಡ ಆಳಿಗೆ ಐದು ವರ್ಷ! ಆದ್ದರಿಂದ ಬಾಯಿಮಾತಿನ ಮೇಲೆ ಬಂದೂಕನ್ನು ಒಪ್ಪಿಕೊಳ್ಳದಿರುವುದು ಅವಿಧೇಯತೆಯಲ್ಲ, ವಿವೇಕ.

ಶೋಕದ ಕಾಲದಲ್ಲಿ ಸಮಾಜವು ಏನು ಮಾಡಬಲ್ಲದೆಂಬುದಕ್ಕೆ ಸರ್ಬಿಯಾ ದೇಶವು ಒಂದು ನಿದರ್ಶನ. 2023ರ ಮೇ 3ರಂದು ಬೆಲ್‌ಗ್ರೇಡ್‌ನ ಶಾಲೆಯೊಂದರಲ್ಲಿ ಹದಿಮೂರು ವರ್ಷದ ಬಾಲಕನು ತಂದೆಯ ಪಿಸ್ತೂಲುಗಳಿಂದ ಗುಂಡು ಹಾರಿಸಿ ಒಂಬತ್ತು ವಿದ್ಯಾರ್ಥಿಗಳ ಮತ್ತು ಒಬ್ಬ ಕಾವಲುಗಾರನ ಸಾವಿಗೆ ಕಾರಣನಾದನು. ಮರುದಿನವೇ ರಾಜಧಾನಿಯ ಹೊರವಲಯದ ಹಳ್ಳಿಗಳಲ್ಲಿ ಮತ್ತೊಂದು ದಾಳಿಯಾಯಿತು. ಮೂರು ದಿನಗಳ ರಾಷ್ಟ್ರೀಯ ಶೋಕಾಚರಣೆ ನಡೆಯಿತು. ಶಾಲೆಯ ಮುಂದೆ ಜನ ಹೂವಿಟ್ಟು ದೀಪ ಹಚ್ಚಿದರು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಅಕ್ರಮ ಆಯುಧಗಳನ್ನು ದಂಡನೆಯಿಲ್ಲದೆ ಒಪ್ಪಿಸಲು ಸರ್ಕಾರವು ಅವಕಾಶ ಕೊಟ್ಟಾಗ ಹತ್ತಾರು ಸಾವಿರ ಆಯುಧಗಳು ಮನೆಗಳಿಂದ ಹೊರಬಂದವು. ದುಃಖವು ಬೀರುವಿನ ಬಾಗಿಲನ್ನು ತೆರೆಸಿತು. ನಮ್ಮಲ್ಲಿಯೂ ಚುನಾವಣೆ ಬಂದಾಗ ಪರವಾನಗಿಯ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸುವ ಪದ್ಧತಿಯಿದೆ. ಮತದ ರಕ್ಷಣೆಗೆ ತೋರುವ ಈ ಎಚ್ಚರವನ್ನು ಮಕ್ಕಳಿಗಾಗಿ ವರ್ಷವಿಡೀ ತೋರುವುದು ಅಸಾಧ್ಯವೇ?

ಗುಂಡು ಹಾರಿಸಿದ ಮಗುವಿನ ವಿಷಯವನ್ನೂ ಮರೆಯಲಾಗದು. ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. ಅದಕ್ಕೂ ದೊಡ್ಡ ಮಕ್ಕಳು ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತಾರೆ. ಸತ್ತ ಮಗುವಿನ ಮನೆಯಲ್ಲಿ ಒಂದು ಶೋಕವಾದರೆ, ಈ ಮಗುವಿನ ಮನೆಯಲ್ಲಿ ಹೇಳಿಕೊಳ್ಳಲಾಗದ ಮತ್ತೊಂದು ಶೋಕ. ಇಂಥ ಸುದ್ದಿ ಬಂದ ಗಳಿಗೆಯಲ್ಲಿಯೇ ಮೊಬೈಲುಗಳಲ್ಲಿ ಬಾಲಕನ ಚಿತ್ರ, ಹೆಸರು, ಶಾಲೆ ಎಲ್ಲವೂ ಹರಿದಾಡತೊಡಗುತ್ತವೆ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಇದನ್ನು ನಿಷೇಧಿಸಿದೆ. ಆರೋಪ ಹೊತ್ತ ಮಗುವಿಗೂ, ನೊಂದ ಮಗುವಿಗೂ, ಸಾಕ್ಷಿಯಾದ ಮಗುವಿಗೂ ಅದು ಸಮಾನ ರಕ್ಷಣೆ ಕೊಡುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ನೆರೆಹೊರೆಯವರ ನಾಲಿಗೆಯ ಸಂಯಮವೂ ಸಂತಾಪದ ಒಂದು ರೂಪವೇ.

ಪರಊರಿನಲ್ಲಿ ಮಗುವನ್ನು ಕಳೆದುಕೊಂಡ ಕೂಲಿಯವರ ಬಳಿಗೆ ಮೊದಲು ಬರುವುದು ಪೊಲೀಸರ ಪ್ರಶ್ನೆ, ಎರಡನೆಯದು ಮಾಲೀಕನ ರಾಜಿ ಮಾತು. ಆ ಎರಡರ ನಡುವೆ ಅವರ ಭಾಷೆಯಲ್ಲಿ ಮಾತನಾಡುವ ಒಬ್ಬರಾದರೂ ಪಕ್ಕದಲ್ಲಿರಬೇಕು. ಕನ್ನಡ ಸಂಘಗಳ ಕೆಲಸ ರಾಜ್ಯೋತ್ಸವದ ಮೆರವಣಿಗೆಗೆ ಸೀಮಿತವಾಗದೆ ಇಲ್ಲಿಯವರೆಗೂ ವಿಸ್ತರಿಸಬೇಕು. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆದುಕೊಟ್ಟರೆ ಸಾಕು. ಪರಿಹಾರ ಸಿಕ್ಕರೆ ಮಗು ಮರಳದು ನಿಜ. ಆದರೆ ಬಡವರ ಮಗುವಿನ ಜೀವಕ್ಕೂ ಲೆಕ್ಕವಿದೆಯೆಂಬುದು ದಾಖಲಾಗುತ್ತದೆ.

ಅಂಥ ದಿನ ಬರುವ ಮೊದಲೇ ಆಗಬೇಕಾದದ್ದು ಇದಕ್ಕಿಂತ ಸುಲಭ. ಬಂದೂಕು ಬೀಗದೊಳಗೆ, ತೋಟಾ ಬೇರೊಂದು ಬೀಗದೊಳಗೆ, ಎರಡರ ಕೈಗಳು ಪರವಾನಗಿದಾರನ ಜೇಬಿನೊಳಗೆ. ಕೆಲಸಕ್ಕೆ ಸೇರುವ ತಂದೆತಾಯಿ ಸಂಬಳ ಎಷ್ಟು, ನೀರು ಎಲ್ಲಿ ಎಂದು ಕೇಳುವಂತೆಯೇ ಮನೆಯಲ್ಲಿ ಬಂದೂಕಿದೆಯೇ, ಎಲ್ಲಿಟ್ಟಿದ್ದೀರಿ ಎಂದೂ ಕೇಳಬೇಕು. ಕೇಳಲು ಸಂಕೋಚವಾಗಬಹುದು. ನಾಗಮಂಗಲದ ಆ ತಾಯಿಗೆ ಕೇಳುವ ಅವಕಾಶ ಇನ್ನಿಲ್ಲ. ಇಲ್ಲಿನ ತಾಯಂದಿರಿಗೆ ಇನ್ನೂ ಇದೆ.