ಕಾಗದವಿಲ್ಲದ ಭೇಟಿ



ಸಾಲದ ಅರ್ಜಿ ಹಿಡಿದು ಸಂಘದ ಕಚೇರಿಗೆ ಬರುವ ಹೊಸ ಸದಸ್ಯರನ್ನು ನಾನು ಒಂದು ಪ್ರಶ್ನೆ ಕೇಳುವುದುಂಟು. "ಜಾಮೀನು ಹಾಕಿದವರು ನಿಮಗೆ ಏನಾಗಬೇಕು?" ಹೆಚ್ಚಿನವರು "ಸಂಬಂಧದಲ್ಲಿ ಭಾವ", "ದೊಡ್ಡಪ್ಪನ ಮಗ" ಎಂದು ಹೆಮ್ಮೆಯಿಂದಲೇ ಹೇಳುತ್ತಾರೆ. "ಅವರ ಮನೆಗೆ ಇದಕ್ಕೆ ಮುಂಚೆ ಹೋಗಿದ್ದು ಯಾವಾಗ?" ಎಂದರೆ ಮಾತ್ರ ಮಾತು ನಿಲ್ಲುತ್ತದೆ. ಇದು ಅರ್ಜಿಯಲ್ಲಿ ಇರುವ ಪ್ರಶ್ನೆಯಲ್ಲ, ಉತ್ತರ ಹೇಳಲೇಬೇಕೆಂಬ ಕಡ್ಡಾಯವೂ ಇಲ್ಲ. ಹಾಗಿದ್ದರೂ ನಾನು ಕೇಳುವುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಈ ಪ್ರಶ್ನೆಗೆ ನನ್ನಲ್ಲಿಯೂ ಉತ್ತರವಿರಲಿಲ್ಲ.

ನಮ್ಮ ಹಳೆಯ ಮನೆ ಶೃಂಗೇರಿ ಕಡೆ. ಅಲ್ಲಿಯ ಅಡಿಕೆ ತೋಟವನ್ನು ಹಳದಿ ಎಲೆ ರೋಗ ತಿಂದುಹಾಕಿದ ಕಥೆ ನಿಮಗೆ ಹೊಸದಲ್ಲ. ಗರಿ ತುದಿಯಿಂದ ಹಳದಿಯಾಗಿ, ಕಾಯಿಯೊಳಗಿನ ತಿರುಳು ಮೆತ್ತಗಾಗಿ ಕಪ್ಪಿಟ್ಟು, ಫಸಲು ವರ್ಷದಿಂದ ವರ್ಷಕ್ಕೆ ಇಳಿದುಹೋಗುವ ರೋಗ ಅದು. ಕೊಳೆರೋಗಕ್ಕಾದರೆ ಮೈಲುತುತ್ತು-ಸುಣ್ಣವಿದೆ, ಇದಕ್ಕೆ ಸಿಂಪಡಿಸಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ತಂದೆಯವರು ಹೋದ ಮೇಲೆ ಪಾಲಿಗೆ ಬಂದದ್ದನ್ನು ಮಾರಿ, ಬಾಳೆಹೊನ್ನೂರು ಕಡೆ ಮೂರು ಎಕರೆ ಅರೇಬಿಕಾ, ಎರಡು ಎಕರೆ ಅಡಿಕೆ ಇರುವ ಈ ಜಾಗ ಕೊಂಡೆ. 2010ರ ಏಪ್ರಿಲ್‌ನಲ್ಲಿ ಗೃಹಪ್ರವೇಶವಾಯಿತು.

ಈ ಜಾಗವನ್ನೇ ಆರಿಸಲು ಒಂದು ಕಾರಣ, ಸುತ್ತಮುತ್ತ ನಮ್ಮವರು ಇದ್ದಾರೆ ಎಂಬುದು. ಗುಡ್ಡದ ಆಚೆ ಬದಿಯಲ್ಲಿ ನನ್ನ ಸೋದರತ್ತೆಯ ಮನೆ. ರಸ್ತೆಯಲ್ಲಿ ಹೋದರೆ ನಾಲ್ಕು ಕಿಲೋಮೀಟರ್, ಹಳ್ಳದ ಸಂಕ ದಾಟಿ ಕಾಲುದಾರಿಯಲ್ಲಿ ಹೋದರೆ ಒಂದು ಮೈಲಿ. ಗೃಹಪ್ರವೇಶಕ್ಕೆ ಅತ್ತೆ, ಭಾವ, ಮಕ್ಕಳು ಎಲ್ಲರೂ ಬಂದು ಎರಡು ದಿನ ದುಡಿದರು. ಹೊರಡುವಾಗ ಅತ್ತೆ, "ಇನ್ನು ನೀವು ಬರುವುದು" ಎಂದು ಹೇಳಿ ಹೋದರು. ನಾವು ಹೋಗಲಿಲ್ಲ.

ಜಗಳವೇನೂ ಇರಲಿಲ್ಲ. ಮೊದಲ ವರ್ಷ ಮನೆಯ ಕೆಲಸ ಮುಗಿದಿರಲಿಲ್ಲ. ಎರಡನೆಯ ವರ್ಷ ಆಳುಗಳ ತೊಂದರೆ. ಮಳೆಗಾಲದಲ್ಲಿ ಮಳೆ, ಕೊಯ್ಲಿನಲ್ಲಿ ಕೊಯ್ಲು. ಮದುವೆ ಮನೆಗಳಲ್ಲಿ ಸಿಕ್ಕಾಗ "ಬರಬೇಕು, ಬರಬೇಕು" ಎನ್ನುತ್ತಿದ್ದೆವು. ಹತ್ತಿರದಲ್ಲೇ ಇದ್ದಾರಲ್ಲ, ಯಾವಾಗ ಬೇಕಾದರೂ ಹೋಗಬಹುದು ಎಂಬ ಧೈರ್ಯವೇ ನಮ್ಮನ್ನು ಕೆಡಿಸಿತು. ಬೆಂಗಳೂರಿನ ನೆಂಟರ ಮನೆಗೆ ಅದೇ ಅವಧಿಯಲ್ಲಿ ಮೂರು ಸಲ ಹೋಗಿ ಬಂದಿದ್ದೆ.

2013ರ ಫೆಬ್ರವರಿಯಲ್ಲಿ ಪಂಪ್‌ಸೆಟ್ ಸಾಲಕ್ಕೆ ಅರ್ಜಿ ಹಾಕಿದೆ. ಆಗ ನಾನಿನ್ನೂ ಕಾರ್ಯದರ್ಶಿಯಾಗಿರಲಿಲ್ಲ. ಇಬ್ಬರು ಸದಸ್ಯರ ಜಾಮೀನು ಬೇಕು ಎಂದರು. ಒಬ್ಬರು ಪಕ್ಕದ ತೋಟದವರು ಒಪ್ಪಿದರು, ಎರಡನೆಯವರು ಯಾರು? ಆಗ ನೆನಪಾದದ್ದು ಭಾವ. ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಒಂದು ಬಾಳೆಗೊನೆ ಹಿಡಿದು, ಕಾಲುದಾರಿಯಲ್ಲೇ ಹೋದೆ.

ಕಾಲಿಗೆ ನೀರು, ಕುಡಿಯಲು ನೀರು-ಬೆಲ್ಲ, ಆಮೇಲೆ ಎಲೆ-ಅಡಿಕೆ ತಟ್ಟೆ, ಎಲ್ಲವೂ ಕ್ರಮವಾಗಿ ಬಂದವು. ನಾನು ಮಾತಿಗೆ ಮಾತು ಸೇರಿಸಿ ಅರ್ಧ ಗಂಟೆಯ ಮೇಲೆ ಕಾಗದ ತೆಗೆದೆ. ಭಾವ ಓದಲಿಲ್ಲ, ಎಷ್ಟು ಮೊತ್ತ ಎಂದೂ ಕೇಳಲಿಲ್ಲ, ಸಹಿ ಹಾಕಿ ಕೊಟ್ಟರು. ಅತ್ತೆ ಬಾಗಿಲ ಬಳಿ ಕೂತು ನೋಡುತ್ತಿದ್ದವರು ಇಷ್ಟೇ ಹೇಳಿದರು: "ಕಾಗದ ಇಲ್ಲದಾಗಲೂ ದಾರಿ ಇತ್ತಲ್ಲ ಮಾರಾಯ."

ಅವರು ನಗುತ್ತಲೇ ಹೇಳಿದ್ದು. ಆದರೆ ಹಿಂತಿರುಗುವಾಗ ಆ ಒಂದು ಮೈಲಿ ನನಗೆ ಬಹಳ ಉದ್ದವಾಯಿತು.

ಮುಂದಿನ ವಾರ ಭಾವ ತಾವಾಗಿ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, "ತೋಟ ಒಂದು ಸುತ್ತು ಬರೋಣ" ಎಂದರು. ನಾನು ಅಡಿಕೆಯಲ್ಲಿ ಬೆಳೆದವನು. ಕಾಫಿಯ ವಿಷಯದಲ್ಲಿ ಅಜ್ಞಾನಿ. ಮೇಲಿನ ಪಟ್ಟಿಯಲ್ಲಿ ಕೆಲವು ಗಿಡಗಳ ಎಲೆ ಹಳದಿಯಾಗಿ ಜೋತುಬಿದ್ದದ್ದನ್ನು ಬಿಸಿಲಿನ ಕಾರಣವೆಂದು ತಿಳಿದಿದ್ದೆ. ಭಾವ ಬಗ್ಗಿ ಕಾಂಡದ ಮೇಲೆ ಕೈಯಾಡಿಸಿ, ಸುತ್ತಲೂ ಉಬ್ಬಿ ನಿಂತಿದ್ದ ಗೆರೆಗಳನ್ನು ತೋರಿಸಿದರು. ಬಿಳಿ ಕಾಂಡಕೊರಕ! ಈ ದುಂಬಿ ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ ಹೊರಬಂದು ಹಾರುತ್ತದೆ. ಅದು ಹಾರುವ ಮುನ್ನವೇ ಪೆಟ್ಟು ತಿಂದ ಗಿಡಗಳನ್ನು ಹುಡುಕಿ, ಬುಡಸಮೇತ ಕಿತ್ತು ಸುಡಬೇಕು. ಮಾರ್ಚ್ ಮುಗಿಯುವುದರೊಳಗೆ ನೂರ ನಲವತ್ತು ಗಿಡ ಕಿತ್ತೆವು. ಇನ್ನೆರಡು ತಿಂಗಳು ಕಳೆದಿದ್ದರೆ ಎಷ್ಟು ಹೋಗುತ್ತಿತ್ತೋ! ದುಂಬಿಗೆ ಬೇಲಿಯ ಹಂಗಿಲ್ಲವಾದ್ದರಿಂದ ಭಾವನ ತೋಟಕ್ಕೂ ಅದು ಹೋಗುತ್ತಿತ್ತು. ಮೂರು ವರ್ಷ ಹಿಂದೆಯೇ ಹೋಗಿ ಬಂದು ಮಾಡುತ್ತಿದ್ದರೆ ಈ ಮಾತು ಹತ್ತು ಗಿಡಗಳಿದ್ದಾಗಲೇ ತಿಳಿಯುತ್ತಿತ್ತು.

ನಾನು ಹುಡುಗನಾಗಿದ್ದಾಗ, 1970ರ ದಶಕದ ಕೊನೆಯಲ್ಲಿ, ನೆಂಟರ ಮನೆಗೆ ಹೋಗುವುದಕ್ಕೆ ಬೇರೆ ನೆಪ ಬೇಕಿರಲಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಮುಯ್ಯಾಳಾಗಿ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದೆವು. ದೀಪದ ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ನಡುರಾತ್ರಿಯವರೆಗೆ ಸುಲಿಯುತ್ತ ಊರ ಸುದ್ದಿ, ತೋಟದ ಸುದ್ದಿ, ಮದುವೆಯ ಮಾತು ಎಲ್ಲವೂ ಆಗುತ್ತಿದ್ದವು. ಈಗ ಸುಲಿಯುವ ಯಂತ್ರ ಬಂದಿದೆ. ಅದು ಬೇಡವೆಂದು ಹೇಳುವವನಲ್ಲ ನಾನು. ಆಳು ಸಿಗದ ಕಾಲದಲ್ಲಿ ಅದೇ ನಮ್ಮನ್ನು ಉಳಿಸಿದೆ. ಆದರೆ ಕೆಲಸವೇ ನಮ್ಮನ್ನು ಸೇರಿಸುತ್ತಿದ್ದ ಕಾಲ ಹೋಯಿತು, ಇನ್ನು ನಾವೇ ಮನಸ್ಸು ಮಾಡಿ ಸೇರಬೇಕು. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡವಿದೆ, ಹಳ್ಳವಿದೆ. ಬಾಗಿಲಿಗೆ ಬಂದರೆ ಪಕ್ಕದ ಮನೆಯವರು ಕಾಣುವ ಬಯಲುಸೀಮೆಯ ಊರು ನಮ್ಮದಲ್ಲ. ಮೊಬೈಲಿನಲ್ಲಿ ಬರುವ ಶುಭೋದಯ ಕಾಂಡಕೊರಕವನ್ನು ನೋಡುವುದಿಲ್ಲ.

ಹತ್ತಿರವಾದರೆ ಮನಸ್ತಾಪ ಬರುತ್ತದೆ, ದೂರದ ಬೆಟ್ಟವೇ ನುಣ್ಣಗೆ ಎಂದು ಕೆಲವರು ವಾದಿಸುತ್ತಾರೆ. ಕಚೇರಿಯಲ್ಲಿ ಕೂತು ನಾನು ನೋಡಿದ ಮನಸ್ತಾಪಗಳ ಪೈಕಿ ಹೆಚ್ಚಿನವು ಹೋಗಿಬರುವುದರಿಂದ ಹುಟ್ಟಿದವಲ್ಲ, ಕಾಗದದಿಂದ ಹುಟ್ಟಿದವು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಕ್ಷಿಗೆ ಹಾಕುವ ಸಹಿಯಲ್ಲ ಅದು. ವರ್ಷಗಟ್ಟಲೆ ಮುಖ ನೋಡದವನು ಬಂದು ಕಾಗದ ಚಾಚಿದಾಗ ದಾಕ್ಷಿಣ್ಯಕ್ಕೆ ಸಹಿ ಹಾಕಿ, ಕಂತು ತಪ್ಪಿ ನೋಟೀಸು ಬಂದಾಗ ಮನೆಗಳೇ ಮುರಿದದ್ದನ್ನು ಕಂಡಿದ್ದೇನೆ. ಹೋಗಿಬಂದು ಇರುವವರಲ್ಲಿ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿರುತ್ತದೆ. "ಈ ವರ್ಷ ನನ್ನಿಂದಾಗದು" ಎಂದು ಬಾಯಿಬಿಟ್ಟು ಹೇಳಬಹುದು, ಹೇಳಿದರೂ ಸಂಬಂಧ ಕೆಡುವುದಿಲ್ಲ.

ಹೊಸದಾಗಿ ಬಂದು ನೆಲೆಸುತ್ತಿರುವ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಗೃಹಪ್ರವೇಶಕ್ಕೆ ಬಂದವರ ಮನೆಗೆ ತಿಂಗಳೊಳಗೆ ಹೋಗಿ ಬನ್ನಿ. ಮೊದಲ ಭೇಟಿಯಲ್ಲಿ ಅರ್ಜಿ, ಆಳು, ಕೈಗಡ ಯಾವುದರ ಮಾತೂ ಬೇಡ. ಕೊಯ್ಲಿನ ದಿನಗಳನ್ನು ಬಿಟ್ಟು ಹೋಗಿ, ಮೊದಲೇ ಫೋನು ಮಾಡಿ, ಊಟ ಮುಗಿಸಿಯೇ ಬರುತ್ತೇವೆಂದು ತಿಳಿಸಿ. ಆ ಮನೆಯ ಹೆಂಗಸರಿಗೂ ತೋಟದ ಕೆಲಸವಿದೆ ಎಂಬುದನ್ನು ಗಂಡಸರು ಮರೆಯಬಾರದು. ನಿಮ್ಮ ಮನೆಯ ಹೆಂಗಸರನ್ನು ತಪ್ಪದೆ ಕರೆದುಕೊಂಡು ಹೋಗಿ. ಹೊಸ ಊರಿನಲ್ಲಿ ನಮಗಾದರೆ ಸಂಘವಿದೆ, ಪೇಟೆಯಿದೆ. ಅವರಿಗೆ ಮಾತಿಗೆ ಯಾರಿದ್ದಾರೆ? ಮಕ್ಕಳನ್ನು ಕಾಲುದಾರಿಯಲ್ಲೇ ನಡೆಸಿ. ನಾಳೆ ಅವರು ಬೆಂಗಳೂರಿನಿಂದ ಬಂದಾಗ ಆ ದಾರಿ ಅವರಿಗೆ ಗೊತ್ತಿರಬೇಕು.

ಅತ್ತೆ 2014ರ ಶ್ರಾವಣದಲ್ಲಿ ತೀರಿಕೊಂಡರು. ಆ ಒಂದೂವರೆ ವರ್ಷದಲ್ಲಿ ನಾವು ಬಹಳ ಸಲ ಹೋದೆವು. ನನ್ನ ತಂದೆಯ ಬಾಲ್ಯದ ಎಷ್ಟೋ ಸಂಗತಿಗಳನ್ನು ಅವರ ಬಾಯಿಂದಲೇ ಮೊದಲ ಬಾರಿಗೆ ಕೇಳಿದೆ. ಅದಕ್ಕೂ ಮುಂಚಿನ ಮೂರು ವರ್ಷಗಳಲ್ಲಿ ಕೇಳಬಹುದಾಗಿದ್ದುದನ್ನು ಈಗ ಹೇಳುವವರು ಯಾರೂ ಉಳಿದಿಲ್ಲ. ಪಂಪ್‌ಸೆಟ್ ಸಾಲ 2018ರಲ್ಲಿ ತೀರಿತು. ಭಾವನ ಮನೆಗೆ ಈಗಲೂ ಹೋಗುತ್ತೇನೆ, ಕಾಲುದಾರಿಯಲ್ಲೇ.

ಈ ಸಲ ಕೊಯ್ಲು ಮುಗಿದ ಮೇಲೆ ನಿಮ್ಮ ಗುಡ್ಡದ ಆಚೆ ಬದಿಯಲ್ಲಿ ಯಾರಿದ್ದಾರೆಂದು ಒಮ್ಮೆ ನೆನಪು ಮಾಡಿಕೊಳ್ಳಿ. ಜೇಬಿನಲ್ಲಿ ಕಾಗದವಿಲ್ಲದೆ ಹೋಗಿ ಬನ್ನಿ.

– ಕಾರ್ಯದರ್ಶಿ