ರಂಗಮಂದಿರದ ಹೆಸರು, ರಂಗನಟಿಯ ಋಣ

ಕಟ್ಟಡಕ್ಕೆ ಹೆಸರಿಡುವುದೆಂದರೆ ಸಮಾಜವು ತನ್ನ ಕೃತಜ್ಞತೆಯನ್ನು ಕಲ್ಲಿನಲ್ಲಿ ಬರೆದಿಡುವುದೆಂದೇ ಅರ್ಥ. ಆ ಬರಹದಲ್ಲಿ ಯಾರ ಹೆಸರು ಮೂಡಿತೆಂಬುದು ಎಷ್ಟು ಮುಖ್ಯವೋ ಯಾರ ಹೆಸರು ಮರೆಯಾಯಿತೆಂಬುದೂ ಅಷ್ಟೇ ವಿಚಾರಾರ್ಹವಾದುದು. ಪುಣೆಯ ಪ್ರಖ್ಯಾತ ಬಾಲಗಂಧರ್ವ ರಂಗಮಂದಿರವು ಇದಕ್ಕೆ ಕಣ್ಣೆದುರಿನ ನಿದರ್ಶನ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಪುಣೆಯ ರಂಗಭೂಮಿ ಅನ್ಯವಾದುದಲ್ಲ. ಹುಕ್ಕೇರಿ ತಾಲೂಕಿನ ಸಂಕೇಶ್ವರವನ್ನು ಹಾಯ್ದು ಹೋಗುವ ಹೆದ್ದಾರಿಯೇ ಪುಣೆಗೆ ಮುಟ್ಟುತ್ತದೆ. 1880ರಲ್ಲಿ ಅಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಭದ್ರವಾದ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಪರಂಪರೆಯ ಶಿಖರಪ್ರಾಯರೇ ನಾರಾಯಣ ಶ್ರೀಪಾದ ರಾಜಹಂಸ, ಅರ್ಥಾತ್ ಬಾಲಗಂಧರ್ವರು. ಸ್ತ್ರೀಪಾತ್ರಗಳಲ್ಲಿ ಅವರು ಗಳಿಸಿದ ಕೀರ್ತಿ ಅಸಾಧಾರಣವಾದುದು. 1962ರಲ್ಲಿ ಅವರ ಹಸ್ತದಿಂದಲೇ ಅಡಿಗಲ್ಲು ಹಾಕಿಸಿಕೊಂಡ ರಂಗಮಂದಿರವು, ಅವರು ಕಾಲವಾದ ಮರುವರ್ಷ, 1968ರ ಜೂನ್ 26ರಂದು, ಅವರ ಜನ್ಮದಿನದಂದೇ ಉದ್ಘಾಟನೆಗೊಂಡಿತು.

ಈ ಕಥೆಯ ಉತ್ತರಾರ್ಧದಲ್ಲಿ ಕನ್ನಡ ನಾಡಿನ ಒಬ್ಬ ನಟಿ ಇದ್ದಾಳೆ. ಆಕೆ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಚಲಚ್ಚಿತ್ರ ಗಾಯಕಿಯಾಗಿ ಹೆಸರಾದ ಅಮೀರಬಾಯಿ ಕರ್ನಾಟಕಿಯ ಸೋದರಿ. ಬಾಲಗಂಧರ್ವರ ಗಾಯನಶೈಲಿಯನ್ನು ಮೈಗೂಡಿಸಿಕೊಂಡಿದ್ದ ಈಕೆ 1930ರ ದಶಕದ ಕೊನೆಯ ಭಾಗದಲ್ಲಿ ಅವರ ಮಂಡಳಿಯನ್ನು ಸೇರಿದಳು. ವಯಸ್ಸು ಮಾಗಿದ ಬಾಲಗಂಧರ್ವರು ಪುರುಷಪಾತ್ರಗಳತ್ತ ಹೊರಳಿದಾಗ, ಅವರು ಬಿಟ್ಟ ನಾಯಿಕೆಯ ಸ್ಥಾನದಲ್ಲಿ ನಿಂತವಳು ಈಕೆಯೇ. 1951ರಲ್ಲಿ ಅವರ ವಿವಾಹವಾಯಿತು. 1964ರಲ್ಲಿ ಗೋಹರಬಾಯಿ ತೀರಿಕೊಂಡಳು. ಅಡಿಗಲ್ಲು ಬಿದ್ದಾಗ ಬದುಕಿದ್ದ ಆಕೆ, ಬಾಗಿಲು ತೆರೆದಾಗ ಇರಲಿಲ್ಲ.

ಬಾಲಗಂಧರ್ವರ ವೈಭವ ಕುಂದಲು ಈ ನಟಿಯೇ ಕಾರಣಳೆಂಬ ಅಪವಾದ ಬಹುಕಾಲ ಹಬ್ಬಿತ್ತು. ಇದು ನ್ಯಾಯವಾದ ಮಾತಲ್ಲ. ಗಂಧರ್ವ ಮಂಡಳಿಯ ಸಾಲದ ಹೊರೆ ಆಕೆ ಬರುವುದಕ್ಕೆ ಮುಂಚಿನದು. 1935ರಲ್ಲಿ ತೆರೆಕಂಡ ‘ಧರ್ಮಾತ್ಮ’ ಚಲಚ್ಚಿತ್ರದಲ್ಲಿ ಅವರು ನಟಿಸಿದ್ದೂ ಆ ಸಂಕಷ್ಟದ ಕಾಲದಲ್ಲಿಯೇ. ಮಾತನಾಡುವ ಚಿತ್ರಗಳು ನಾಟಕದ ಪ್ರೇಕ್ಷಕರನ್ನು ಸೆಳೆದೊಯ್ಯುತ್ತಿದ್ದ ಕಾಲವದು. ಇಷ್ಟಾದರೂ ಪುರುಷನು ಸೀರೆಯುಟ್ಟು ಹಾಡಿದಾಗ ಕಲೆಯೆಂದು ಕೊಂಡಾಡಿದ ಲೋಕ, ಸ್ತ್ರೀಯೇ ಅದೇ ಪಾತ್ರವನ್ನು ವಹಿಸಿದಾಗ ಶೀಲದ ಪ್ರಶ್ನೆಯನ್ನೆತ್ತಿತು. ಅಪರಕುಲದವಳು, ಅನ್ಯಮತದವಳು ಎಂಬ ಭೇದವೂ ಅದಕ್ಕೆ ಬೆರೆಯಿತು.

ಪುಣೆಯನ್ನು ದೂಷಿಸಿ ಸುಮ್ಮನಾಗುವುದು ಸುಲಭ. ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವರ ಹೆಸರಿನ, ಬೆಳಗಾವಿಯಲ್ಲಿ ಕುಮಾರ ಗಂಧರ್ವರ ಹೆಸರಿನ ಸಭಾಗೃಹಗಳಿವೆ. ಆ ಮಹನೀಯರು ಅದಕ್ಕೆ ಸರ್ವಥಾ ಅರ್ಹರು. ಆದರೆ ಗೋಕಾವಿ ನಾಡಿನ ಕೌಜಲಗಿ ನಿಂಗಮ್ಮನನ್ನು ಎಷ್ಟು ಮಕ್ಕಳು ಬಲ್ಲರು? ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿದ ‘ಶ್ರೀಕೃಷ್ಣ ಪಾರಿಜಾತ’ವನ್ನು ಊರೂರಿನ ಜನರ ಎದೆಗೆ ಮುಟ್ಟಿಸಿದವಳು ಆಕೆ. ಗೋಡೆಯಿಲ್ಲದ ಬಯಲೇ ಆಕೆಯ ಸಭಾಗೃಹ. ಬೆಳ್ಳನೆ ಬೆಳಗಾಗುವವರೆಗೆ ಕುಳಿತು ಕೇಳುವ ರೈತಾಪಿ ಜನರೇ ರಸಿಕಮಂಡಲಿ. ಸತ್ಯಭಾಮೆಯ ಅಭಿಮಾನವನ್ನೂ ರುಕ್ಮಿಣಿಯ ಸಹನೆಯನ್ನೂ ಅಕ್ಷರವರಿಯದವರೂ ಅರಿತುಕೊಂಡದ್ದು ಇಂತಹ ಕಲಾವಿದರ ಬಾಯಿಂದ. ಕಲ್ಲಿನ ಮಂದಿರದಲ್ಲಿ ಆಡಿದವರ ನೆನಪನ್ನು ಕಲ್ಲಾದರೂ ಕಾಯುತ್ತದೆ. ಬಯಲಲ್ಲಿ ಹಾಡಿದವರ ನೆನಪನ್ನು ಜನರೇ ಕಾಯಬೇಕು.

ಆದುದರಿಂದ ಶಾಲೆಗಳೂ ದಾನಿಗಳೂ ಮನಗಾಣಬೇಕಾದ ಕರ್ತವ್ಯವೊಂದುಂಟು. ದಾಸೋಹಭಾವದಿಂದ ಕಟ್ಟಿಸಿದ ರಂಗವೇದಿಕೆಗಳಿಗೆ ದಾನಿಗಳ ಹೆಸರು ಸಲ್ಲುವುದು ಯುಕ್ತವೇ ಸರಿ. ಅದರ ಪಕ್ಕದಲ್ಲಿ ಈ ನೆಲದ ಒಬ್ಬ ರಂಗನಟಿಯ ಹೆಸರೂ ಇರಲಿ. ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಆಕೆಯ ಹೆಸರಿನ ಪಾರಿತೋಷಕವೊಂದಿರಲಿ. ಶಿಕ್ಷಕರು ಮಕ್ಕಳನ್ನು ಕರೆದುಕೊಂಡು ಹಳ್ಳಿಗಳಿಗೆ ಹೋಗಿ, ವೃದ್ಧ ಪಾರಿಜಾತ ಕಲಾವಿದರಿಂದ ಹಾಡುಗಳನ್ನೂ ಮೇಳದವರ ಹೆಸರುಗಳನ್ನೂ ಕೇಳಿ ಬರೆದಿಡಲಿ. ಇದಕ್ಕೆ ಹೆಚ್ಚಿನ ದ್ರವ್ಯ ಬೇಕಿಲ್ಲ, ಶ್ರದ್ಧೆ ಬೇಕು; ವಿಳಂಬ ಮಾತ್ರ ಸಲ್ಲದು, ಏಕೆಂದರೆ ಬರೆದಿಡದ ಹಾಡು ಹಾಡಿದವರೊಡನೆಯೇ ಹೊರಟುಹೋಗುತ್ತದೆ.