ಹಲ್ಲು ಎಣಿಸದೆ ಪಗಾರ ಹಿಡಿಯಬೇಡಿ

ಲಾರಿಯ ಹಿಂದಿನ ಆಕ್ಸಲಿನೊಳಗೆ ಎಷ್ಟು ಹಲ್ಲಿನ ಚಕ್ರವಿದೆ ಎಂಬುದು ಹೋಟೆಲಿನಲ್ಲಿ ದುಡಿಯುವವರಿಗೆ ಯಾತಕ್ಕೆ ಬೇಕು ಎಂದು ನಮ್ಮವರೇ ಕೆಲವರು ಕೇಳಿದರು. ಮೂರು ತಿಂಗಳ ಹಿಂದೆ ನಾವೂ ಹಾಗೆಯೇ ಕೇಳುತ್ತಿದ್ದೆವು. ಆ ಹಲ್ಲಿನ ಲೆಕ್ಕ ಯಾರಿಗೂ ಗೊತ್ತಿಲ್ಲದ ಕಾರಣ ನಮ್ಮ ಸದಸ್ಯನೊಬ್ಬ ಎರಡು ತಿಂಗಳು ಕಳ್ಳನೆನಿಸಿಕೊಂಡ. ಅವನನ್ನು ಹಾಗೆಂದು ಎಣಿಸಿದವರಲ್ಲಿ ನಾವೂ ಇದ್ದೆವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಅವನು ಬೀದರ ಕಡೆಯವನು. ಜಹೀರಾಬಾದಿನ ಸುತ್ತಮುತ್ತಲ ಸಂತೆಗಳಿಂದ ನಗರದ ಹೋಟೆಲುಗಳಿಗೆ ಅಕ್ಕಿ, ತರಕಾರಿ ತರುವ ಹಳೆಯ ಲಾರಿಯ ಡ್ರೈವರು. ಮಾಲೀಕರೂ ಕನ್ನಡಿಗರೇ. ಒಂದು ದಿನ ಆಕ್ಸಲಿನೊಳಗಿನ ಕ್ರೌನು ಮುರಿಯಿತು. ಮಾಲೀಕರು ಹಳೆ ಸಾಮಾನಿನ ಅಂಗಡಿಯಿಂದ ಬೇರೊಂದು ಜೋಡಿ ತಂದು ಹಾಕಿಸಿದರು. ಲಾರಿ ಓಡಿತು, ಲೆಕ್ಕ ಮಾತ್ರ ಕೆಟ್ಟಿತು. ಮೊದಲು ಲೀಟರಿಗೆ 5 ಕಿಲೋಮೀಟರು ಕೊಡುತ್ತಿದ್ದ ಗಾಡಿ. ಈಗ ಮೀಟರು 120 ತೋರಿಸಿದ ದಿನ 24 ಲೀಟರಿನ ಬದಲು 28 ಲೀಟರು ಮುಗಿದಿರುತ್ತಿತ್ತು. ಉಳಿದ 4 ಲೀಟರು ಎಲ್ಲಿ ಹೋಯಿತು? ಮಾಲೀಕರು ಅದನ್ನು ಅವನ ಪಗಾರಕ್ಕೆ ಹಚ್ಚಿದರು. ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಕ್ಲಚ್ಚು ಸುಟ್ಟ ವಾಸನೆ ಬರುತ್ತದೆ ಎಂದು ಅವನು ಹೇಳಿದರೆ ಅದೂ ಅವನದೇ ತಪ್ಪಾಯಿತು. ಅವನು ನಮ್ಮ ಹತ್ತಿರ ಬಂದು ಮಕ್ಕಳ ಮೇಲೆ ಆಣೆ ಇಟ್ಟ. ನಾವು ಹೇಳಿದ್ದೇನು? "ಒಪ್ಪಿಕೊಂಡು ಮುಗಿಸಪ್ಪ, ಕೆಲಸವಾದರೂ ಉಳಿಯಲಿ" ಎಂದೆವು. ಆ ಮಾತು ಈಗಲೂ ನಮ್ಮನ್ನು ಚುಚ್ಚುತ್ತದೆ.

ನಾವು ಲಾರಿ ಓಡಿಸಿದವರಲ್ಲ, ಹತ್ತು ವರ್ಷ ಹೋಟೆಲಿನ ಹಿಂಬದಿಯಲ್ಲಿ ಗ್ರೈಂಡರಿನ ಮುಂದೆ ನಿಂತವರು. ಆದುದರಿಂದ ನಮಗೆ ತಿಳಿದ ರೀತಿಯಲ್ಲೇ ಹೇಳುತ್ತೇವೆ. ಗ್ರೈಂಡರಿನ ಮೋಟಾರಿಗೆ ಸಣ್ಣ ಪುಲ್ಲಿ, ಕಲ್ಲಿನ ಕಡೆಗೆ ದೊಡ್ಡ ಪುಲ್ಲಿ. ಮೋಟಾರು ಹಲವು ಸುತ್ತು ತಿರುಗಿದರೆ ಕಲ್ಲು ಒಂದು ಸುತ್ತು. ವೇಗ ತಗ್ಗಿ ಬಲ ಹೆಚ್ಚುತ್ತದೆ. ಮೋಟಾರಿನ ಪುಲ್ಲಿಯನ್ನು ಕೊಂಚ ದೊಡ್ಡದು ಮಾಡಿ ನೋಡಿ: ಕಲ್ಲು ಓಡುತ್ತದೆ, ಹಿಟ್ಟು ಬಿಸಿಯಾಗುತ್ತದೆ, ಅಕ್ಕಿ ತುಸು ಹೆಚ್ಚಾದರೆ ಮೋಟಾರು ನರಳುತ್ತದೆ. ನೂಲಿನ ಮಿಲ್ಲಿನಲ್ಲಿ ದುಡಿದವರಿಗೆ ಇದು ಇನ್ನೂ ಬೇಗ ತಿಳಿದೀತು. ರಿಂಗ್ ಫ್ರೇಮಿನ ಚೇಂಜ್ ಪಿನಿಯನ್ನಿನಲ್ಲಿ ಒಂದೆರಡು ಹಲ್ಲು ಬದಲಾದರೆ ನೂಲಿನ ಕೌಂಟೇ ಬದಲಾಗುತ್ತದಲ್ಲವೇ?

ಲಾರಿಯಲ್ಲಿಯೂ ಅಷ್ಟೇ. ಗೇರುಪೆಟ್ಟಿಗೆಯಿಂದ ಉದ್ದನೆಯ ಶಾಫ್ಟೊಂದು ಹಿಂದಕ್ಕೆ ಬರುತ್ತದೆ. ಅದರ ತುದಿಯ ಸಣ್ಣ ಚಕ್ರ ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನು. ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಬರುವುದೇ ರೇಷಿಯೋ. ಲಾರಿಗಳಲ್ಲಿ 41ಕ್ಕೆ 6, 41ಕ್ಕೆ 7 ಎಂಬ ಜೋಡಿಗಳುಂಟು. ಮೊದಲನೆಯದರಲ್ಲಿ ಗಾಲಿ ಒಂದು ಸುತ್ತು ತಿರುಗಬೇಕಾದರೆ ಶಾಫ್ಟು 6.83 ಸುತ್ತು ತಿರುಗಬೇಕು, ಎರಡನೆಯದರಲ್ಲಿ 5.86 ಸಾಕು. ಎರಡನೆಯದರಲ್ಲಿ ಓಟ ಹೆಚ್ಚು, ಎಳೆಯುವ ಬಲ ಏಳರಲ್ಲೊಂದು ಪಾಲು ಕಡಿಮೆ. ಬಯಲಿನ ಹಗುರ ಓಟಕ್ಕೆ ಅದು ಒಳ್ಳೆಯದೇ. ಮೂಟೆ ಹೇರಿಕೊಂಡು ಏರು ಹತ್ತುವ ಗಾಡಿಗೆ ಕಷ್ಟ.

ಇನ್ನು ಮೀಟರಿನ ವಿಷಯ. ಆ ಹಳೆಯ ಲಾರಿಯ ಮೀಟರಿಗೆ ಗಾಲಿ ಕಾಣುವುದಿಲ್ಲ. ಅದರ ಕೇಬಲು ಗೇರುಪೆಟ್ಟಿಗೆಯ ಹಿಂಬದಿಯಿಂದ ಹೊರಟು ಶಾಫ್ಟಿನ ಸುತ್ತನ್ನೇ ಎಣಿಸುತ್ತದೆ. 41ಕ್ಕೆ 6 ಇದ್ದ ಕಡೆ 41ಕ್ಕೆ 7 ಹಾಕಿ ಮೀಟರನ್ನು ಹಾಗೆಯೇ ಬಿಟ್ಟರೆ, ಗಾಡಿ 7 ಕಿಲೋಮೀಟರು ಓಡಿದಾಗ ಮೀಟರು 6 ಎನ್ನುತ್ತದೆ. 140 ಓಡಿದರೆ 120. ಲೀಟರಿಗೆ 5ರಂತೆ 140ಕ್ಕೆ ಬೇಕಾದದ್ದು 28 ಲೀಟರು! ಒಂದು ತೊಟ್ಟೂ ಕಳುವಾಗಿರಲಿಲ್ಲ.

ಇದು ಹೊಳೆದದ್ದು ನಮಗಲ್ಲ, ಡ್ರೈವರಿಗೆ. ಜಹೀರಾಬಾದ್ ರಸ್ತೆಯಲ್ಲಿ ಕಿಲೋಮೀಟರು ಕಲ್ಲುಗಳನ್ನು ಎಣಿಸುತ್ತ ಹೋದ. 14 ಕಲ್ಲು ದಾಟಿದಾಗ ಮೀಟರು 12 ಏರಿತ್ತು. ಮಾಲೀಕರು ಅದನ್ನು ನಂಬಲಿಲ್ಲ. ಸರಿ, ಆಕ್ಸಲನ್ನೇ ಕೇಳೋಣವೆಂದು ಭಾನುವಾರ ಎಲ್ಲರೂ ಕೂಡಿದೆವು. ಗೇರು ನ್ಯೂಟ್ರಲ್ಲಿಗೆ ತಂದು, ಉಳಿದ ಗಾಲಿಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟು, ಹಿಂದಿನ ಒಂದು ಬದಿಯನ್ನು ಜಾಕಿನಿಂದ ಎತ್ತಿ, ಆಕ್ಸಲಿನ ಕೆಳಗೆ ಗಟ್ಟಿ ಸ್ಟ್ಯಾಂಡು ಇಟ್ಟು, ಹ್ಯಾಂಡ್ ಬ್ರೇಕು ಬಿಡಿಸಿದೆವು. ಗಾಲಿಗೂ ಶಾಫ್ಟಿಗೂ ಸುಣ್ಣದ ಗುರುತು ಹಾಕಿ ತಿರುಗಿಸಿದೆವು. ಗಾಲಿ 10 ಸುತ್ತು, ಶಾಫ್ಟು 29 ಸುತ್ತು ಮತ್ತು ಸ್ವಲ್ಪ. ಅಂದರೆ 2.9! ಅದು 6.83 ಅಲ್ಲ, 5.86ಕ್ಕೂ ಬಾರದು. ಮಾಲೀಕರು ನಕ್ಕರು. ನಮ್ಮ ಮುಖ ಸಪ್ಪಗಾಯಿತು.

ಬಿಡಿಸಿ ಹೇಳಿದವರು ಆಟೋನಗರದ ಮುದಿ ಮಿಸ್ತ್ರಿಯೊಬ್ಬರು. ಎರಡು ಗಾಲಿಯನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಟೈರು ನೆಲಕ್ಕೆ ಉಜ್ಜಲೇಬೇಕು. ಗಾಲಿಗಳ ನಡುವೆ 1.8 ಮೀಟರು ಅಂತರವಿದ್ದರೆ, ಅಬಿಡ್ಸ್ ವೃತ್ತವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ 11 ಮೀಟರು ಹೆಚ್ಚು ಉರುಳಬೇಕು. ನಮ್ಮ ಹಿರಿಯರು ತುಳಿದ ಸೈಕಲ್ ರಿಕ್ಷಾದಲ್ಲಿ ಚೈನು ಹಿಂದಿನ ಒಂದೇ ಗಾಲಿಯನ್ನು ತಿರುಗಿಸುತ್ತಿತ್ತು, ಇನ್ನೊಂದು ಬಿಡಿ. ತೊಂದರೆ ಹಾಗೆ ತಪ್ಪುತ್ತಿತ್ತು. ಮೋಟಾರಿನಲ್ಲಿ ಎರಡೂ ಗಾಲಿ ಎಳೆಯಬೇಕಾದ್ದರಿಂದ ಕ್ರೌನಿನೊಳಗೆ ಸಣ್ಣ ಚಕ್ರಗಳ ಡಿಫರೆನ್ಷಿಯಲ್ ಇದೆ. (1820ರ ದಶಕದಲ್ಲೇ ಪೆಕ್ಯೂರ್ ಎಂಬ ಫ್ರಾನ್ಸಿನ ಗಡಿಯಾರಗಾರ ಉಗಿಬಂಡಿಗೆ ಇದನ್ನು ಹೊಂದಿಸಿದನಂತೆ, ಕೈಕೆಲಸದವನ ಬುದ್ಧಿ ನೋಡಿ.) ಎರಡು ಗಾಲಿಗಳ ಸುತ್ತಿನ ಸರಾಸರಿಯೇ ಕ್ರೌನಿನ ಸುತ್ತು. ಒಂದು ಗಾಲಿ ನೆಲದ ಮೇಲೆ ನಿಂತಿದ್ದರೆ, ಎತ್ತಿದ ಗಾಲಿ 10 ಸುತ್ತು ತಿರುಗಿದಾಗ ಕ್ರೌನು ತಿರುಗುವುದು 5 ಮಾತ್ರ. 29 ಚಿಲ್ಲರೆಯನ್ನು 5ರಿಂದ ಭಾಗಿಸಿ: 5.86. ಹಳೆಯ ಜೋಡಿಯೇ ಇದ್ದಿದ್ದರೆ ಶಾಫ್ಟು 34 ಸುತ್ತು ದಾಟುತ್ತಿತ್ತು.

ಮಾಲೀಕರ ನಗು ನಿಂತಿತು. ಮೇಜಿನ ಖಾನೆಯಿಂದ ಅಂಗಡಿಯ ಬಿಲ್ಲು ತೆಗೆಸಿದೆವು. ಅದರಲ್ಲಿ 41/7 ಎಂದು ಬರೆದೇ ಇತ್ತು, ಎರಡು ತಿಂಗಳಿಂದ.

ಆ ಮಾಲೀಕರು ಕೆಟ್ಟವರೆಂದು ನಾವು ಹೇಳುವುದಿಲ್ಲ. ಅವರಿಗೂ ತಿಳಿದಿರಲಿಲ್ಲ. ಆದರೆ ತಿಳಿಯದೆ ಮಾಡಿದ ಲೆಕ್ಕದ ದಂಡವನ್ನು ತೆತ್ತವನು ಡ್ರೈವರು. ಗಾಡಿ ಇಟ್ಟಿರುವ ಎಲ್ಲ ಧಣಿಗಳಲ್ಲಿ ನಮ್ಮ ಬೇಡಿಕೆ ಇಷ್ಟೆ: ಕ್ರೌನು ಪಿನಿಯನ್ ಬದಲಾದ ದಿನವೇ ಎರಡರ ಹಲ್ಲಿನ ಸಂಖ್ಯೆಯನ್ನು ಲಾಗ್ ಪುಸ್ತಕದಲ್ಲಿ ಬರೆದು ಡ್ರೈವರಿಗೆ ತೋರಿಸಬೇಕು, ಮೀಟರನ್ನು ಅದಕ್ಕೆ ಸರಿಹೊಂದಿಸಬೇಕು, ಕಲ್ಲಿಗೆ ತಾಳೆ ನೋಡುವ ತನಕ ಎಣ್ಣೆಯ ಹೆಸರಿನಲ್ಲಿ ಒಂದು ಪೈಸೆಯೂ ಹಿಡಿಯಕೂಡದು. ಡ್ರೈವರ ಬಂಧುಗಳೂ ಗಾಡಿಯ ಹಲ್ಲಿನ ಲೆಕ್ಕವನ್ನು ಸ್ವಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಮಿಸ್ತ್ರಿಯ ವಿಷಯ ನಮಗೇಕೆ ಎನ್ನುವವರು ಈ ಎರಡು ತಿಂಗಳನ್ನು ನೆನೆಯಲಿ.

ಹಿಡಿದ ಹಣ ಎರಡು ಕಂತಿನಲ್ಲಿ ಹಿಂದಿರುಗಿತು. ಮೀಟರಿಗೆ ತಕ್ಕ ಚಕ್ರ ಇನ್ನೂ ಸಿಕ್ಕಿಲ್ಲ. ಸಂಜೆ ಮೀಟರು ತೋರಿದ್ದರ ಪಕ್ಕದಲ್ಲಿ ಡ್ರೈವರು 6ಕ್ಕೆ 7ರಂತೆ ಏರಿಸಿ ಬರೆಯುತ್ತಾನೆ, ಮಾಲೀಕರು ಅದರ ಕೆಳಗೆ ಸಹಿ ಹಾಕುತ್ತಾರೆ.